ಬಿಡುವಿಗೆ ಗಡಿಯಾರವೊಂದೇ ಸಾಲದು

ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು. ಪರೀಕ್ಷೆಗೆ ಕೂತವರಿಗೆ ಈಗ ಇದೇ ವೇದವಾಕ್ಯ. ಕೋಚಿಂಗ್ ಮೇಷ್ಟ್ರಿಂದ ಯೂಟ್ಯೂಬ್ ಗುರುಗಳವರೆಗೆ ಎಲ್ಲರ ಬಾಯಲ್ಲೂ ಅದೇ. ಬಿಡುವು ಬೇಕು ಎನ್ನುವುದಕ್ಕೆ ನನ್ನ ತಕರಾರಿಲ್ಲ. ಐವತ್ತು ನಿಮಿಷದ ಬೇಸರದ ಕೆಲಸದ ನಡುವೆ ಎರಡು ಸಲ ಗಮನ ಬೇರೆಡೆ ಹರಿಸಿದವರ ಏಕಾಗ್ರತೆ ಕುಸಿಯಲಿಲ್ಲ ಎಂದು ಇಲಿನಾಯ್ ವಿಶ್ವವಿದ್ಯಾಲಯದ ಅರಿಗಾ ಮತ್ತು ಲೆರಾಸ್ 2011ರಲ್ಲಿ ತೋರಿಸಿದರು. ‘ಎದ್ದರೆ ಓದು ಕೆಟ್ಟಿತು’ ಎನ್ನುವ ಹಿರಿಯರ ವಾದ ನಿಲ್ಲುವುದಿಲ್ಲ. ಹಾಗಂತ ಅದರ ಜಾಗಕ್ಕೆ ಬಂದ ಗಡಿಯಾರದ ಭಕ್ತಿಯೂ ನಿಲ್ಲುವಂಥದ್ದಲ್ಲ. ಬಿಡುವು ಎಷ್ಟು ಹೊತ್ತಿನದು ಎಂಬುದಕ್ಕಿಂತ ಅದರಲ್ಲಿ ಏನು ಮಾಡುತ್ತೇವೆ ಎಂಬುದು ದೊಡ್ಡ ಪ್ರಶ್ನೆ.

ಇಪ್ಪತ್ತೈದು-ಐದರ ಈ ಸೂತ್ರ ಹುಟ್ಟಿದ್ದು 1980ರ ದಶಕದ ಕೊನೆಯಲ್ಲಿ. ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಮುಂದಿಟ್ಟುಕೊಂಡು ಓದತೊಡಗಿದ. ಆ ಸಣ್ಣ ಬಿಡುವಿನಲ್ಲಿ ತಲೆಗೆ ಕೆಲಸ ಕೊಡಬಾರದು ಎಂದೂ ಅವನು ಹೇಳಿದ್ದ. ನಾವು ಗಡಿಯಾರವನ್ನು ಇಟ್ಟುಕೊಂಡು ಆ ಷರತ್ತನ್ನು ಬಿಟ್ಟೆವು.

ಅಹಮದಾಬಾದಿನ ಎಲಿಸ್‌ಬ್ರಿಜ್ ಬಳಿ 1938ರಲ್ಲಿ ಬಾಗಿಲು ತೆರೆದ ಎಂ.ಜೆ. ಲೈಬ್ರರಿಯಂಥ ಕಡೆ ಓದುವವರ ಬಿಡುವೆಂದರೆ ಚಹಾದ ಅಂಗಡಿ. ಒಂದು ಕೈಯಲ್ಲಿ ಅರ್ಧ ಲೋಟ ಚಹಾ, ಇನ್ನೊಂದು ಕೈಯಲ್ಲಿ ಮೊಬೈಲು. ಹೆಬ್ಬೆರಳು ಒಂದೇ ಸಮನೆ ರೀಲ್ಸ್ ತಳ್ಳುತ್ತಿರುತ್ತದೆ. ಪುಸ್ತಕ ಮುಚ್ಚಿದ್ದರೂ ಕಣ್ಣಿಗೆ, ಮನಸ್ಸಿಗೆ ದುಡಿತ ತಪ್ಪಿಲ್ಲ. 2019ರಲ್ಲಿ ಪ್ರಕಟವಾದ ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಅಕ್ಷರ ಮರುಜೋಡಿಸಿ ಪದ ಕಟ್ಟುವ ಒಗಟುಗಳ ನಡುವಿನ ಬಿಡುವಿನಲ್ಲಿ ಮೊಬೈಲು ಹಿಡಿದವರು ಬೇರೆ ಬಗೆಯ ಬಿಡುವು ಪಡೆದವರಿಗಿಂತ ನಿಧಾನವಾದರು, ಬಿಡಿಸಿದ್ದೂ ಕಡಿಮೆ. ಇದಕ್ಕೆ ಎದುರಾಗಿ, 2012ರಲ್ಲಿ ಮಿಕೇಲಾ ಡ್ಯೂವರ್ ತಂಡ ಹಿರಿಯ ವಯಸ್ಸಿನವರಿಗೆ ಕಥೆ ಕೇಳಿಸಿ ಹತ್ತು ನಿಮಿಷ ಕಣ್ಣುಮುಚ್ಚಿ ಸುಮ್ಮನೆ ಕೂರಿಸಿತು. ಕಥೆಯ ನಂತರ ಆಟಕ್ಕೆ ಹಚ್ಚಿದಾಗಿನದಕ್ಕಿಂತ ಅವರಿಗೆ ವಾರದ ಮೇಲೂ ಹೆಚ್ಚು ನೆನಪಿತ್ತು. ಸುಮ್ಮನಿರುವುದು ಸೋಮಾರಿತನವಲ್ಲ.

ಅಹಮದಾಬಾದಿನಲ್ಲೇ ಬಿಡುವಿನ ಇನ್ನೊಂದು ಮಾದರಿಯಿದೆ. 1920ರಲ್ಲಿ ಗಾಂಧೀಜಿ ಕಟ್ಟಿದ ಗುಜರಾತ್ ವಿದ್ಯಾಪೀಠದಲ್ಲಿ ಓದಿನ ಜೊತೆಗೆ ನೂಲುವುದೂ ದಿನಚರಿಯ ಭಾಗವಾಯಿತು. ನೂಲು ಕಡಿದರೆ ಮತ್ತೆ ಹಂಜಿಗೆ ಕೂಡಿಸಬೇಕು, ಹಂಜಿಯನ್ನು ಹದವಾಗಿ ಎಳೆಯಬೇಕು. ಕೈ ಕೆಲಸ ಮಾಡುತ್ತದೆ, ಓದಿದ್ದು ಒಳಗೆ ಇಳಿಯುತ್ತದೆ. ಗಾಂಧೀಜಿ ಇದನ್ನು ತಂದದ್ದು ಸ್ವದೇಶಿಗಾಗಿಯೇ ಹೊರತು ಏಕಾಗ್ರತೆಗಲ್ಲ, ನಿಜ. ಆದರೂ ಅಕ್ಷರ ಬಿಟ್ಟು ಕೈಗೆ ಕೆಲಸ ಕೊಡುವ ಬಿಡುವು ರೀಲ್ಸ್‌ಗಿಂತ ವಿಶ್ರಾಂತಿಗೆ ಹತ್ತಿರ.

‘ಹೊರಗೆ ಐದು ನಿಮಿಷ ಅಡ್ಡಾಡಿ’ ಎಂಬ ಸಲಹೆಯನ್ನೂ ಊರು ನೋಡಿ ಕೊಡಬೇಕು. ವಡೋದರಾದಲ್ಲಿ ವಿಶ್ವವಿದ್ಯಾಲಯದ ಹತ್ತಿರವೇ 1879ರ ಕಮಾಟಿಬಾಗ್ ಉದ್ಯಾನವಿದೆ, ಮರದ ನೆರಳಿದೆ. ಸೂರತ್ತಿನ ಅಂಗಡಿ ಸಾಲಿನ ಮೂರನೇ ಮಹಡಿಯ ಟ್ಯೂಷನ್ ಕೋಣೆಯಿಂದ ಇಳಿದವನಿಗೆ ಸಿಗುವುದು ಹಾರ್ನು, ಹೊಗೆ. ಇನ್ನು ಅಹಮದಾಬಾದ್: 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಪಾದರಸ 46 ಡಿಗ್ರಿ ದಾಟಿತ್ತು, 2013ರಲ್ಲಿ ನಗರಪಾಲಿಕೆ ಬಿಸಿಲಿಗೆಂದೇ ಯೋಜನೆ ತಂದಿತು. ನೀಟ್ ಬರುವುದು ಸಾಮಾನ್ಯವಾಗಿ ಮೇ ಆರಂಭದಲ್ಲಿ. ಆ ದಿನಗಳಲ್ಲಿ ಮಧ್ಯಾಹ್ನದ ನಡಿಗೆ ದಣಿವನ್ನು ಹೆಚ್ಚಿಸುತ್ತದೆ.

ಪುಸ್ತಕ ಮುಟ್ಟಲೇ ಮನಸ್ಸಿಲ್ಲದವನಿಗೆ ಗಡಿಯಾರ ಒಳ್ಳೆಯ ನೂಕು, ಒಪ್ಪುತ್ತೇನೆ. ಲೆಕ್ಕ ಬಿಡಿಸುತ್ತಿದ್ದಾಗ, ಎಳೆ ಸಿಕ್ಕಿತು ಎನ್ನುವ ಹೊತ್ತಿಗೆ ಅದು ಕೂಗಿದರೆ ಕೇಳಬೇಕಿಲ್ಲ. ಲೆಕ್ಕ ಮುಗಿಸಿ ಏಳಿ, ಮೊಬೈಲು ಚೀಲದಲ್ಲೇ ಇರಲಿ. ಆದರೆ ಹೊಣೆಯೆಲ್ಲ ವಿದ್ಯಾರ್ಥಿಯದೇ ಅಲ್ಲ. ಸಾವಿರಾರು ರೂಪಾಯಿ ಶುಲ್ಕ ಪಡೆಯುವ ಕೋಚಿಂಗ್ ಕ್ಲಾಸುಗಳು ವೇಳಾಪಟ್ಟಿಯಲ್ಲಿ ಐದು ನಿಮಿಷ ಬರೆದರೆ ಮುಗಿಯಲಿಲ್ಲ. ಪುಸ್ತಕವೂ ಪರದೆಯೂ ಇಲ್ಲದ ಒಂದು ತಂಪು ಕೋಣೆ ಕೊಡಲಿ. ಅದನ್ನು ಕೊಡದೆ ಹುಡುಗರಿಗೆ ಏಕಾಗ್ರತೆಯಿಲ್ಲ ಎಂದು ದೂರುವ ಹಕ್ಕು ಅವರಿಗಿಲ್ಲ.