ಸೊಕ್ಕು, ರೊಕ್ಕ, ಹೊಟ್ಟೆ: ನಮ್ಮ ಪ್ರವಾಸ ಬರಹದ ಬಗ್ಗೆ

ಸೊಕ್ಕಿದ್ದವನಿಗೆ ಯಾಣ, ರೊಕ್ಕ ಇದ್ದವನಿಗೆ ಗೋಕರ್ಣ ಅಂತ ನಮ್ಮ ಕುಮಟೆ ಕಡೆ ಒಂದು ಗಾದೆ ಇದೆ. ಯಾಣಕ್ಕೆ ರಸ್ತೆಯಿಲ್ಲದ ಕಾಲದ ಮಾತು. ಕಾಡು ಹಾದು ಆ ಕರಿ ಬಂಡೆಗಳ ಬುಡ ಮುಟ್ಟಲು ಮೈಯಲ್ಲಿ ಸೊಕ್ಕಿರಬೇಕು, ಗೋಕರ್ಣದಲ್ಲಿ ದೇವರ ಕೆಲಸ ಮಾಡಿಸಲು ಕೈಯಲ್ಲಿ ರೊಕ್ಕವಿರಬೇಕು. ನಮ್ಮ ಪ್ರವಾಸ ಸಾಹಿತ್ಯದ ಇಡೀ ಮೀಮಾಂಸೆ ಈ ಒಂದು ಗಾದೆಯಲ್ಲಿ ಮುಗಿದುಹೋಗಿದೆ. ಸೊಕ್ಕೂ ಇಲ್ಲದೆ ರೊಕ್ಕವೂ ಇಲ್ಲದೆ ಬರೀ ಹೊಟ್ಟೆಗಾಗಿ ಊರಿಂದೂರಿಗೆ ತಿರುಗಿದವರು ಗಾದೆಯಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ.

ಭಟ್ಕಳದಿಂದ ಹೊನ್ನಾವರ ಹಾದು ಕುಮಟೆಗೆ ಸುಮಾರು 60 ಕಿಲೋಮೀಟರು. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ಶರಾವತಿ. ಈ ತುಂಡಿನ ಮೇಲೆ ಭಾನುವಾರದ ಪುರವಣಿಗಳಲ್ಲಿ, ಪ್ರವಾಸೋದ್ಯಮದ ಕರಪತ್ರಗಳಲ್ಲಿ, ಈಗ ಮೊಬೈಲಿನಲ್ಲಿ ಬರುವ ಬರಹಗಳನ್ನು ಒಟ್ಟಿಗೆ ಇಟ್ಟು ಓದಿ ನೋಡಿ. ‘ಕಣ್ಮನ ತಣಿಸುವ’, ‘ಭೂರಮೆಯ ಮಡಿಲು’, ‘ಹಸಿರು ಸೀರೆಯುಟ್ಟ’. ನವೋದಯದವರು ಬಿಸಾಡಿದ ವಿಶೇಷಣಗಳೆಲ್ಲ ಇಲ್ಲಿ ಬಂದು ಛತ್ರ ಹಿಡಿದಿವೆ. ಹೋಗ್ಲಿ, ಭಾಷೆ ಸವೆದದ್ದು ದೊಡ್ಡ ಅಪರಾಧವಲ್ಲ. ಆದರೆ ಈ ಬರಹಗಳಲ್ಲಿ ಕೆಲಸ ಮಾಡುವ ಮನುಷ್ಯರು ಎಷ್ಟು ಮಂದಿ ಬರುತ್ತಾರೆ, ಬಂದವರು ಬಾಯಿ ತೆರೆದು ಏನಾದರೂ ಆಡುತ್ತಾರೋ ಇಲ್ಲವೋ, ಅದನ್ನು ಲೆಕ್ಕ ಹಾಕಿ. ಹಾಲಕ್ಕಿ ಹೆಂಗಸಿನ ಕೊರಳ ಮಣಿಸರ ಬರುತ್ತದೆ. ಆಕೆಯ ಕೂಲಿ ಎಷ್ಟು ಅನ್ನೋದು ಬರುವುದಿಲ್ಲ.

ಒಂದೇ ಉದಾಹರಣೆ ಸಾಕು. ಅಘನಾಶಿನಿ ಕಡಲು ಸೇರುವ ಕಡೆ ‘ಹಿನ್ನೀರಿನ ಹಸಿರು ಬಯಲು’ ಅಂತ ಬರೆಯುತ್ತಾರಲ್ಲ, ಅದು ಬಯಲಲ್ಲ, ಗಜನಿ ಗದ್ದೆ. ನಾನು ಅದೇ ದಂಡೆಯ ಕೇರಿಯವನು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಪ್ಪುನೀರಿಗೆ ಅಡ್ಡ ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ಜಂತ್ರಡಿ, ಅಂದರೆ ಹಲಗೆ ಬಾಗಿಲು. ಉಬ್ಬರ ಇಳಿತ ನೋಡಿ ಅದನ್ನು ಎತ್ತಬೇಕು, ಇಳಿಸಬೇಕು. ಜೂನಿನ ಮಳೆ ನೆಲದ ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿಯೂ ಸಾಯುವುದಿಲ್ಲ, ಆಳೆತ್ತರ ಬೆಳೆಯುತ್ತದೆ. ಕೊಯ್ಲಿನಲ್ಲಿ ಕೆಸರು ನೀರಿಗಿಳಿದು ಬರೀ ತೆನೆ ಕೊಯ್ಯುತ್ತಾರೆ. ಉಳಿದ ದಂಟು ಅಲ್ಲೇ ಕೊಳೆತು ಸೀಗಡಿಗೆ, ಮೀನಿಗೆ, ಹಕ್ಕಿಗೆ ಮೇವಾಗುತ್ತದೆ. ಭತ್ತ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಮೀನು. ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುವುದರಿಂದ ಒಬ್ಬನೇ ಮಾಡುವ ಬೇಸಾಯವಲ್ಲ ಇದು. ಸೀಗಡಿ ಗುತ್ತಿಗೆಯ ದುಡ್ಡು ಬಂದ ಮೇಲೆ ಕಗ್ಗ ಬೆಳೆಯುವ ಗದ್ದೆಗಳು ಕಡಿಮೆಯಾಗಿ, ಈಗ ಮಾಣಿಕಟ್ಟೆಯಂಥ ಕೆಲವು ಕಡೆ ಉಳಿದಿದೆ. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಇಳಿತದ ಹೊತ್ತಿಗೆ ಹೊಳೆಯಲ್ಲಿ ಸೊಂಟದ ಮಟ್ಟ ನಿಂತು ಬಳಚು ಆರಿಸುವ ಹೆಂಗಸರು. ನಮ್ಮವ್ವನೂ ಅವರಲ್ಲೊಬ್ಬಳು, ಆಕೆ ಯಾವ ಲೇಖಕರ ಫೋಟೋದಲ್ಲಿ ‘ಸಂಜೆಯ ನೆರಳು’ ಆಗಿದ್ದಾಳೋ ನನಗೆ ಗೊತ್ತಿಲ್ಲ. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಜಗತ್ತಿಗೇ ಬೇಕಾದ ಜೌಗು ನೆಲ ಅಂತ ಮುದ್ರೆ ಬಿತ್ತು. ಸಂತೋಷವೇ. ಆದರೆ ಆ ಹಕ್ಕಿಗಳಿಗೆ ದಂಟು ಬಿಟ್ಟವರು ಯಾರು, ಕಟ್ಟೆ ಕಟ್ಟಿದವರು ಯಾರು ಎಂಬ ಪ್ರಶ್ನೆ ಹಕ್ಕಿಗಳ ಪಟ್ಟಿಯ ಕೆಳಗೆ ಹೂತುಹೋಯಿತು. ಇದು ಪ್ರಕೃತಿ ಅಲ್ಲ, ಸ್ವಾಮಿ. ಇದು ಕೂಲಿ.

ಪ್ರವಾಸಿ ಅಂದಮೇಲೆ ಇಷ್ಟನ್ನೆಲ್ಲ ನೋಡಲಾಗುತ್ತದೆಯೇ, ಎರಡು ದಿನ ಇದ್ದು ಹೋಗುವವನಿಗೆ ಇದೆಲ್ಲ ಯಾಕೆ ಎಂದು ಗೆಳೆಯರು ಕೇಳಬಹುದು. ಇತಿಹಾಸವನ್ನೇ ನೋಡಿ. 14ನೇ ಶತಮಾನದ ನಡುವೆ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ. ದೂರದ ಮೊರಾಕ್ಕೊದವನು, ಭಾಷೆ ಬಾರದವನು. ಆದರೂ ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಅಂತ ಎಣಿಸಿ ಬರೆದ. ಹೆಂಗಸರು ಹೊಲಿಯದ ಬಟ್ಟೆ ಉಡುತ್ತಾರೆ, ಕುರಾನ್ ಬಾಯಿಪಾಠ ಹೇಳುತ್ತಾರೆ ಅಂತಲೂ ಬರೆದ. 1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ ಆ ಹೊಳೆಯ ಚೆಲುವಿಗೆ ಮರುಳಾದ. ನಮ್ಮ ಪುರವಣಿ ಲೇಖಕರ ಮೂಲಪುರುಷ ಅನ್ನಬಹುದು. ಆದರೂ ಪಾಳುಬಿದ್ದ ಗೇರುಸೊಪ್ಪೆಯನ್ನು ಅವನು ಪಾಳು ಎಂದೇ ಬರೆದ.

ಇನ್ನು ಫ್ರಾನ್ಸಿಸ್ ಬುಕನನ್. ಟಿಪ್ಪು ಸತ್ತ ಮೇಲೆ ಕಂಪನಿ ಕೈಗೆ ಸಿಕ್ಕ ಸೀಮೆಯಲ್ಲಿ ಏನೇನಿದೆ ಅಂತ ನೋಡಿಕೊಂಡು ಬರಲು ವೆಲ್ಲೆಸ್ಲಿ ಕಳಿಸಿದ ಡಾಕ್ಟರು. 1801ರಲ್ಲಿ ಈ ದಂಡೆಯಲ್ಲಿ ಹಾದ, 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಬಂತು. ಅವನ ಉದ್ದೇಶ ಏನು ಅನ್ನುವುದರಲ್ಲಿ ನನಗೆ ಭ್ರಮೆಯಿಲ್ಲ. ಎಷ್ಟು ಹಿಂಡಬಹುದು ಎಂದು ಲೆಕ್ಕ ಹಾಕಲು ಬಂದವನು. ಆದರೆ ಲೆಕ್ಕ ಹಾಕಬೇಕಾದ್ದರಿಂದಲೇ ಅವನಿಗೆ ದುಡಿಯುವವನು ಕಂಡ. ಕೆನರಾ ಸೀಮೆಯಲ್ಲಿ ಮಾರುವ ಕೊಳ್ಳುವ ಜೀತದಾಳುಗಳಿದ್ದರೆಂದೂ ಅವರಿಗೆ ಸಿಗುವ ಅಕ್ಕಿ ಬಟ್ಟೆ ಎಷ್ಟೆಂದೂ ಅವನ ಪುಸ್ತಕದಲ್ಲಿದೆ. ಈ ದೇಶದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದದ್ದು 1843ರಲ್ಲಿ, ಅದಕ್ಕೂ 42 ವರ್ಷ ಮುಂಚಿನ ದಾಖಲೆ ಇದು. ನಮ್ಮ ಅಜ್ಜಂದಿರ ಸುದ್ದಿ ಬೇಕೆಂದರೆ ನಾವು ಕಂಪನಿಯ ನೌಕರನ ಪುಸ್ತಕಕ್ಕೆ ಹೋಗಬೇಕಾಗಿ ಬಂದದ್ದು ಕನ್ನಡದ ಪ್ರವಾಸ ಸಾಹಿತ್ಯಕ್ಕೆ ಗೌರವ ತರುವ ವಿಷಯವಲ್ಲ. ಸುಲಿಯಲು ಬಂದವನು ನೋಡಿದ, ಸವಿಯಲು ಬಂದವನು ನೋಡಲಿಲ್ಲ.

ಮಿರ್ಜಾನ ಕೋಟೆಗೆ ಹೋದವರೆಲ್ಲ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಬಗ್ಗೆ ಬರೆಯುತ್ತಾರೆ. ಪೋರ್ಚುಗೀಸರಿಗೆ ಜಗ್ಗದ ಹೆಂಗಸು, ಬರೆಯಲಿ. ಬಳ್ಳಿ ಹತ್ತಿ ಮೆಣಸು ಕಿತ್ತವನ ಹೆಸರು ಯಾವ ಪೋರ್ಚುಗೀಸನೂ ಬರೆಯಲಿಲ್ಲ, ಯಾವ ಕನ್ನಡಿಗನೂ ಕೇಳಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟೆ ಬಂದರಿನಿಂದ ಹಡಗು ಹತ್ತುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಯ ಹೆಸರೇ ‘ಕುಮಟಾ’. ಬೆಳೆದ ಊರು ಬೇರೆ, ಹೆಸರು ಬಂದರಿಗೆ, ಹೊತ್ತ ಹಮಾಲನಿಗೆ ಬೆನ್ನುನೋವು.

ಭಟ್ಕಳದ ಕಥೆ ಇನ್ನೂ ವಿಚಿತ್ರ. ಪ್ರವಾಸ ಬರಹಗಳಲ್ಲಿ ಬಸ್ಸು ಭಟ್ಕಳದಲ್ಲಿ ನಿಲ್ಲುವುದೇ ಇಲ್ಲ, ನೇರ ಮುರ್ಡೇಶ್ವರ. ಚಿನ್ನದ ಪಳ್ಳಿ, ಚಂದ್ರನಾಥೇಶ್ವರ ಬಸದಿ, ಕೇತಪೈ ನಾರಾಯಣ ದೇವಸ್ಥಾನ, ಮೂರನ್ನೂ ಒಂದು ಬೆಳಿಗ್ಗೆ ನಡೆದು ನೋಡಬಹುದಾದ ಊರು. ನವಾಯತರ ಮನೆಗಳಲ್ಲಿ ಕೊಂಕಣಿಯೂ ಪಾರ್ಸಿಯೂ ಬೆರೆತ ಮಾತು, ಬೀದಿಯಲ್ಲಿ ಮಲ್ಲಿಗೆ ಕಟ್ಟುವವರು. ಆದರೆ 1993ರ ಗಲಭೆಯ ನಂತರ ಪತ್ರಿಕೆಗಳಿಗೆ ಭಟ್ಕಳ ಅಂದರೆ ಮೊದಲ ಪುಟದ ಸುದ್ದಿ ಮಾತ್ರ, ಪುರವಣಿಗೆ ಲಾಯಕ್ಕಲ್ಲ. ಯಾವ ಊರು ‘ಸುಂದರ’, ಯಾವ ಊರು ‘ಸೂಕ್ಷ್ಮ’ ಎಂದು ಹಂಚುವವರು ಕಡಲನ್ನಾಗಲೀ ಗುಡ್ಡವನ್ನಾಗಲೀ ನೋಡಿ ಹಂಚುತ್ತಿಲ್ಲ. ಇದು ಊರೂರಿಗೆ ಕಟ್ಟಿದ ಹೊಲಗೇರಿ ಪದ್ಧತಿ.

ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆಯ ಮುದ್ರೆ, ನೀರು ಶುದ್ಧ, ಮರಳು ಶುದ್ಧ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಪೊಲೀಸರ ಎದುರು ನಿಂತಿದ್ದಾರೆ. ಅಲ್ಲಿ ಮರಳ ಮೇಲೆ ಮೀನು ಒಣಗಿಸಿ ಬದುಕುವವರು ಹೆಂಗಸರು. ಒಂದೇ ಊರಿನ ಒಂದೇ ಮರಳು. ಬಾವುಟದ ಬಗ್ಗೆ ಬರೆದವರು ಟೊಂಕದ ಮರಳಿನ ತನಕ ನಡೆದು ಬರೆಯಲಿಲ್ಲ. ಒಣಮೀನಿನ ವಾಸನೆ ಅವರ ಗದ್ಯಕ್ಕೆ ಒಗ್ಗುವುದಿಲ್ಲವೋ ಏನೋ.

ಮುರ್ಡೇಶ್ವರದ ಮಾತಿಗೆ ಬಂದರೆ ಎಲ್ಲರೂ ಎತ್ತರ ಹೇಳುತ್ತಾರೆ. ಶಿವ 123 ಅಡಿ, ಗೋಪುರ 237 ಅಡಿ, ಮೇಲೆ ಹೋಗಲು ಲಿಫ್ಟು. ಆಳ ಹೇಳುವವರಿಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯೊಂದರಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಇಲ್ಲಿ ಕಡಲಿಗೆ ಸಿಕ್ಕಿ ಸತ್ತರು. ಬಯಲುಸೀಮೆಯ ಮಕ್ಕಳು. ಅಂಥ ಶಾಲೆಗಳಲ್ಲಿ ಓದುವವರು ಯಾರ ಮಕ್ಕಳು ಅಂತ ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಕೆರೆಯಲ್ಲೇ ನೀರಿಲ್ಲದ ಸೀಮೆಯಿಂದ ಬಂದವರಿಗೆ ಅಲೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳನ್ನೂ ಎಳೆದೊಯ್ಯುತ್ತದೆ ಅಂತ ಯಾರು ಹೇಳಿದ್ದರು? ವರ್ಣನೆಯೇ ಕೊಂದಿತು ಅಂತ ನಾನು ಆರೋಪ ಮಾಡುತ್ತಿಲ್ಲ. ಕಾವಲು, ಹೊಣೆ, ವ್ಯವಸ್ಥೆ ಎಲ್ಲದರ ಪ್ರಶ್ನೆ ಅದು. ಆದರೆ ಪಠ್ಯದಲ್ಲಿ, ಪದ್ಯದಲ್ಲಿ, ಕರಪತ್ರದಲ್ಲಿ ಕಡಲನ್ನು ಬರೀ ನೀಲಿ ಪರದೆ ಮಾಡಿ ತೋರಿಸಿದ ಸಾಹಿತ್ಯಕ್ಕೆ ಆ ಸಾವಿನ ಎದುರು ಹೇಳಲು ಮಾತಿಲ್ಲ. ಎಲ್ಲಿ ಸೆಳೆತವಿದೆ, ಯಾವ ಹೊತ್ತಿಗೆ ನೀರಿಗೆ ಇಳಿಯಬಾರದು ಎಂಬುದು ಅಲ್ಲೇ ದೋಣಿ ಎಳೆಯುವ ಪ್ರತಿಯೊಬ್ಬನಿಗೂ ಗೊತ್ತು. ಆ ಜ್ಞಾನಕ್ಕೆ ಪ್ರವಾಸ ಕಥನದಲ್ಲಿ ಜಾಗವಿಲ್ಲ, ಯಾಕೆಂದರೆ ಅದು ಬೆಸ್ತನ ಬಾಯಲ್ಲಿದೆ.

ಹಾಗಂತ ನಮ್ಮ ಮಕ್ಕಳು ತಿರುಗಬಾರದು ಅಂತಲ್ಲ. ತಿರುಗಲೇಬೇಕು. ತಿರುಗುವುದು ಈ ದೇಶದಲ್ಲಿ ಯಾವತ್ತೂ ಎಲ್ಲರ ಹಕ್ಕಾಗಿರಲಿಲ್ಲ. ಇದೇ ಜಿಲ್ಲೆಯ ಕವಿ ದಿನಕರ ದೇಸಾಯಿ ಗೇಣಿದಾರರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಚುಟುಕ ಕವಿ ಅಂತ ಹೊಗಳುವವರು ಅದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕೂಲಿ ಹೆಂಗಸರು ಗಂಟು ಕಟ್ಟಿಕೊಂಡು ಸರ್ಕಾರಿ ಬಸ್ಸಿನಲ್ಲಿ ಗೋಕರ್ಣ, ಮುರ್ಡೇಶ್ವರ ನೋಡಲು ಬಂದರು. ಆಗ ಅಕ್ಷರಸ್ಥರ ಗೇಲಿ ನೋಡಬೇಕಿತ್ತು. ಮನೆಗೆಲಸ ಬಿಟ್ಟು ತಿರುಗುತ್ತಾರಂತೆ, ಬಸ್ಸಿನ ಬಾಗಿಲು ಮುರಿದರಂತೆ. ತಾವು ಹೋದರೆ ಪ್ರವಾಸ, ಅವರು ಹೋದರೆ ನೂಕುನುಗ್ಗಲು. ಅವಳು ದೇವಸ್ಥಾನಕ್ಕಷ್ಟೇ ಹೋದಳು, ಜೋಳಿಗೆ ತುಂಬ ಮೌಢ್ಯ ಹೊತ್ತು ತಂದಳು ಅಂತ ನಮ್ಮ ಚಳವಳಿಯ ಗೆಳೆಯರೂ ಮೂಗು ಮುರಿದರು. ನನಗೆ ಹಾಗನಿಸುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಹೊಲ, ಮನೆ, ಸಂತೆ ಬಿಟ್ಟು ನಾಲ್ಕನೇ ಜಾಗಕ್ಕೆ ತನ್ನಿಷ್ಟಕ್ಕೆ ಹೋದವಳು ಕಡಲ ಮುಂದೆ ಸೆರಗು ಕಟ್ಟಿ ನಿಂತು ಏನು ನೋಡಿದಳು, ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಏನು ಹೇಳಿದಳು ಅನ್ನುವುದು ಪುರವಣಿಯ ನೂರು ಸೂರ್ಯಾಸ್ತಕ್ಕಿಂತ ದೊಡ್ಡ ವಸ್ತು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಪ್ರವಾಸದಿಂದ ಬಂದ ಮೇಲೆ ಮಕ್ಕಳ ಕೈಯಲ್ಲಿ ‘ನಾವು ಕೈಗೊಂಡ ಪ್ರವಾಸ’ ಅಂತ ಪ್ರಬಂಧ ಬರೆಸುತ್ತೀರಿ. ಅದರಲ್ಲಿ ‘ಕಣ್ಮನ ತಣಿಯಿತು’ ಅನ್ನೋ ಸಾಲು ನೀವೇ ಬೋರ್ಡಿನ ಮೇಲೆ ಬರೆದುಕೊಟ್ಟದ್ದು. ಈ ಸಲ ಕೊಡಬೇಡಿ. ಕುಮಟೆ ಹೆದ್ದಾರಿ ಬದಿ ಸಿಹಿ ಈರುಳ್ಳಿಯ ಜಡೆ ಮಾರುವವಳನ್ನು ಮಕ್ಕಳು ಏನು ಕೇಳಿದರು, ಅವಳು ಏನಂದಳು, ಬಸ್ಸಿನಲ್ಲಿ ಯಾರಿಗೆ ವಾಂತಿಯಾಯಿತು, ಊಟಕ್ಕೆ ಎಲ್ಲಿ ಕೂರಿಸಿದರು, ಯಾರ ಮನೆಯವರು ದುಡ್ಡು ಕೊಡಲಾಗದೆ ಮಗುವನ್ನು ಕಳಿಸಲಿಲ್ಲ, ಅಷ್ಟು ಬರೆಯಲಿ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿ. ಕಾಗುಣಿತ ತಿದ್ದದೆ ಕಳಿಸಿ.