ಹಾರದ ಗಂಟೆಗೆ ಸಾಕ್ಷಿ ಯಾರು?

ಪೈಲಟ್‌ಗಳ ಹಾರಾಟದ ಲೆಕ್ಕ ಕಾಗದದ ಲಾಗ್‌ಬುಕ್ ಬಿಟ್ಟು ಕಂಪ್ಯೂಟರಿಗೆ ಹೋದರೆ ಕಳ್ಳಲೆಕ್ಕಕ್ಕೆ ಜಾಗವೇ ಇರುವುದಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2021ರಲ್ಲಿ ಇಜಿಸಿಎ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ತಂದ ಮೇಲೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ. ನಾನು ಇದನ್ನು ಒಪ್ಪಲಾರೆ. ಜಮೀನಿನ ದಾಖಲೆ ಕಂಪ್ಯೂಟರಿಗೆ ಏರಿದ್ದನ್ನು ಕಂಡ ವೈದ್ಯನಾಥಪುರದ ಕಡೆಯ ರೈತರನ್ನು ಕೇಳಿ, ಅವರೂ ಒಪ್ಪಲಾರರು.

ಶಿಂಷಾ ದಡದ ಈ ಊರು ಮದ್ದೂರು ತಾಲ್ಲೂಕಿಗೆ ಸೇರಿದ್ದು. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯನ್ನು ಮೊದಲು ಪರೀಕ್ಷಿಸಿ ನೋಡಿದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಯೋಜನೆಯಿಂದ ಆದ ಉಪಕಾರ ದೊಡ್ಡದು. ಒಂದು ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು, 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲೇ ಅದು ಕೈಗೆ ಬಂತು. ಆದರೆ ತಪ್ಪುಗಳು ಎಲ್ಲಿಗೆ ಹೋದವು? ಪಹಣಿಯ 3ನೇ ಕಾಲಂನಲ್ಲಿ ಜಮೀನಿನ ವಿಸ್ತೀರ್ಣ ಇರುತ್ತದೆ, 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಅವರವರ ಪಾಲು. ಎರಡೂ ತಾಳೆಯಾಗಬೇಕು. ಅಣ್ಣತಮ್ಮಂದಿರ ಭಾಗದಲ್ಲಿ ಹಿಂದೆಂದೋ ಹತ್ತು ಗುಂಟೆ ಹೆಚ್ಚುಕಮ್ಮಿ ಬರೆದಿದ್ದರೆ ಅದೂ ಹಾಗೇ ಕಂಪ್ಯೂಟರಿಗೆ ಏರಿತು. ಕೈಬರಹದಲ್ಲಿದ್ದಾಗ ಅದನ್ನು ಜನ ಅನುಮಾನದಿಂದ ನೋಡುತ್ತಿದ್ದರು. ಅಚ್ಚಾಗಿ ಬಂದ ಮೇಲೆ ಅದೇ ಸರ್ಕಾರದ ಮಾತಾಯಿತು. ಜಮೀನು ಮಾರಲು ಹೊರಟಾಗ ‘3 ಮತ್ತು 9 ತಾಳೆಯಿಲ್ಲ’ ಎನ್ನುತ್ತಾರೆ. ಆಮೇಲೆ ತಿದ್ದುಪಡಿಗೆ ಅರ್ಜಿ, ತಹಸೀಲ್ದಾರ್ ಕಚೇರಿ, ಮಂಡ್ಯದ ಉಪವಿಭಾಗಾಧಿಕಾರಿಗಳ (ಎ.ಸಿ.) ಕೋರ್ಟು.

ಲಾಗ್‌ಬುಕ್‌ನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕೆಂದರೆ 200 ಗಂಟೆಗಳ ಹಾರಾಟ ಆಗಿರಬೇಕು, ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾನೇ ಹೊತ್ತು ಹಾರಿರಬೇಕು. ಪ್ರತಿ ಹಾರಾಟಕ್ಕೂ ಒಂದು ಸಾಲು: ತಾರೀಖು, ವಿಮಾನದ ನೋಂದಣಿ ಸಂಖ್ಯೆ, ಹೊರಟಿದ್ದೆಲ್ಲಿಂದ, ಇಳಿದದ್ದೆಲ್ಲಿ, ಹಗಲೋ ರಾತ್ರಿಯೋ, ಜೊತೆಗೆ ಬೋಧಕರಿದ್ದರೋ ಇಲ್ಲವೋ. 2011ರಲ್ಲಿ ನಕಲಿ ಪೈಲಟ್‌ಗಳ ಹಗರಣ ದೇಶವನ್ನೇ ಬೆಚ್ಚಿಬೀಳಿಸಿತು. ಕೆಲವರ ಅಂಕಪಟ್ಟಿಯೇ ಸುಳ್ಳಾಗಿತ್ತು, ಇನ್ನು ಕೆಲವರು ಹಾರದ ಗಂಟೆಗಳನ್ನು ಹಾರಿದ್ದಾಗಿ ತೋರಿಸಿದ್ದರು. ಕಾಗದವೇ ಇದಕ್ಕೆಲ್ಲ ಕಾರಣ ಎಂದು ಆಗ ಹಲವರು ತೀರ್ಮಾನಿಸಿಬಿಟ್ಟರು. ನನ್ನ ಪ್ರಕಾರ ಆ ತೀರ್ಮಾನವೇ ತಪ್ಪು. ಆ ಸುಳ್ಳು ಸಾಲುಗಳ ಕೆಳಗೂ ತರಬೇತಿ ಶಾಲೆಯವರ ಸಹಿ, ಮೊಹರು ಇರಲೇಬೇಕಿತ್ತು. ಗಂಟೆಗೆ ಇಷ್ಟು ಎಂದು ಹಣ ಪಡೆಯುವ ಸಂಸ್ಥೆಯೇ ಆ ಗಂಟೆಗೆ ಸಾಕ್ಷಿಯನ್ನೂ ಹೇಳುತ್ತಿತ್ತು. ಈಗ ವಿದ್ಯಾರ್ಥಿ ಕಂಪ್ಯೂಟರಿನಲ್ಲಿ ನಮೂದಿಸುತ್ತಾನೆ, ಅದೇ ಸಂಸ್ಥೆ ಅನುಮೋದನೆ ಕೊಡುತ್ತದೆ. ಮೊಹರಿನ ಬದಲು ಪಾಸ್‌ವರ್ಡ್ ಬಂದಿದೆ, ಸಾಕ್ಷಿ ಬದಲಾಗಿಲ್ಲ.

ಹಾಗೆಂದು ಕಾಗದಕ್ಕೇ ಮರಳಬೇಕು ಎನ್ನುವವರ ಜೊತೆಗೂ ನಾನಿಲ್ಲ. ಮಳೆಗೋ ಬೆಂಕಿಗೋ ಸಿಕ್ಕಿ ಲಾಗ್‌ಬುಕ್ ಹಾಳಾದರೆ ಒಬ್ಬ ಪೈಲಟ್‌ನ ಇಡೀ ಜೀವಮಾನದ ದುಡಿಮೆಗೆ ಪುರಾವೆಯೇ ಇಲ್ಲದಂತಾಗುತ್ತದೆ. ಕೂಡುವ ಕಳೆಯುವ ಲೆಕ್ಕದಲ್ಲಂತೂ ಯಂತ್ರವೇ ಮೇಲು. ಕಾಗದದ ಕಾಲದ ಒಂದು ಗುಣವನ್ನು ಮಾತ್ರ ನಾವು ಗಮನಿಸಿಲ್ಲ. ಬೆಂಗಳೂರಿನ ಜಕ್ಕೂರಿನಂಥ ವಿಮಾನ ನೆಲೆಯಲ್ಲಿ ಒಂದು ಸೆಸ್ನಾ ತರಬೇತಿ ವಿಮಾನ ಹಾರಿಬಂದರೆ ಆ ಸುದ್ದಿ ನಾಲ್ಕಾರು ಕಡೆ, ಬೇರೆ ಬೇರೆಯವರ ಕೈಯಲ್ಲಿ ದಾಖಲಾಗುತ್ತದೆ. ವಿದ್ಯಾರ್ಥಿಯ ಲಾಗ್‌ಬುಕ್ ಒಂದು, ಶಾಲೆಯ ಅನುಮತಿ ಪುಸ್ತಕ ಒಂದು, ವಿಮಾನದ್ದೇ ಲಾಗ್ ಇನ್ನೊಂದು. ನಿಯಂತ್ರಣ ಗೋಪುರದವರು ಗುರುತು ಹಾಕಿಕೊಂಡ ಸಮಯ, ಇಂಧನ ತುಂಬಿಸಿದವನ ರಿಜಿಸ್ಟರ್ ಬೇರೆ. ಸುಳ್ಳು ಬರೆಯುವವನು ಇಷ್ಟೂ ಕಡೆ ಸುಳ್ಳು ಬರೆಸಬೇಕು. ಸುಳ್ಳು ಸಿಕ್ಕಿಬೀಳುವುದೂ ಈ ದಾಖಲೆಗಳು ಒಂದಕ್ಕೊಂದು ಹೊಂದದೆ ಹೋದಾಗಲೇ. ಒಂದೇ ನಮೂದಿನಿಂದ ಉಳಿದೆಲ್ಲ ದಾಖಲೆಗಳೂ ತಾವಾಗಿ ತುಂಬಿಕೊಳ್ಳುವ ವ್ಯವಸ್ಥೆ ಬಂದರೆ ಅವು ಸದಾ ಹೊಂದುತ್ತವೆ, ಮೊದಲ ನಮೂದು ಸುಳ್ಳಾಗಿದ್ದರೂ!

ಅದರಲ್ಲೂ ನನಗೆ ಆತಂಕ ಹುಟ್ಟಿಸುವುದು ಬದಲಾವಣೆಯ ಗಳಿಗೆ. ಹಳೆಯ ಪುಸ್ತಕದ ಗಂಟೆಗಳನ್ನು ಹೊಸ ವ್ಯವಸ್ಥೆಗೆ ತುಂಬುವಾಗ ನಿಜದ ಗಂಟೆಯೂ ಸುಳ್ಳಿನ ಗಂಟೆಯೂ ಒಂದೇ ಬಣ್ಣದ ಅಂಕಿಯಾಗುತ್ತವೆ. ಒತ್ತಿ ತಿದ್ದಿದ ಗುರುತು, ಒಂದೇ ಪೆನ್ನಿನಲ್ಲಿ ಒಂದೇ ದಿನ ಕೂತು ಬರೆದಂತಿರುವ ಹತ್ತು ಪುಟ, ಹೀಗೆ ಅನುಮಾನಕ್ಕೆ ಆಸ್ಪದ ಕೊಡುತ್ತಿದ್ದ ಎಲ್ಲವೂ ಅಳಿಸಿಹೋಗುತ್ತವೆ. ಆದ್ದರಿಂದ ಹಳೆಯ ಪುಸ್ತಕಗಳನ್ನು ಹಾಗೇ ಕಾದಿಡಬೇಕು, ಪುಟಪುಟದ ಚಿತ್ರವೂ ನಮೂದಿನ ಜೊತೆಗಿರಬೇಕು.

ಇನ್ನು ಹೊಸ ಗಂಟೆಗಳ ಮಾತು. ಸೆಸ್ನಾ 152 ಗಂಟೆಗೆ ಸರಿಸುಮಾರು 23 ಲೀಟರ್ ಪೆಟ್ರೋಲ್ ಉರಿಸುತ್ತದೆ. ಅದರಲ್ಲೇ 200 ಗಂಟೆ ಹಾರಿದ್ದೇನೆ ಎನ್ನುವವನ ಹಿಂದೆ ನಾಲ್ಕು ಸಾವಿರ ಲೀಟರಿಗೂ ಮೀರಿದ ಇಂಧನದ ಲೆಕ್ಕ ಇರಲೇಬೇಕು. ಆ ಲೆಕ್ಕ, ಗೋಪುರದ ಸಮಯ, ವಿಮಾನದ ಜಿಪಿಎಸ್ ಬರೆದಿಟ್ಟ ದಾರಿ ಇವು ಶಾಲೆಯ ಕೈಗೆ ಸಿಗದೆ ನೇರವಾಗಿ ಮಹಾನಿರ್ದೇಶನಾಲಯಕ್ಕೆ ಹೋಗಲಿ, ಅಲ್ಲಿ ವಿದ್ಯಾರ್ಥಿಯ ನಮೂದಿನ ಎದುರು ತಾಳೆ ನೋಡಲಿ. ತಾಳೆಯಾಗದ ಸಾಲಿಗೆ ಶಾಲೆ ಎಷ್ಟೇ ಅನುಮೋದನೆ ಕೊಟ್ಟಿದ್ದರೂ ಅದನ್ನು ಲೈಸೆನ್ಸಿನ ಲೆಕ್ಕಕ್ಕೆ ಹಿಡಿಯಬಾರದು. ಪ್ರಾಮಾಣಿಕವಾಗಿ ಹಾರಿದವನ ಸಾಲು ಬೇರೆಯವರ ತಪ್ಪಿನಿಂದ ತಾಳೆಯಾಗದಿದ್ದರೆ ಅದರ ವಿಚಾರಣೆಗೆ ಒಬ್ಬ ಅಧಿಕಾರಿ, ಒಂದು ಗಡುವು ಇರಲಿ. ಮಗನನ್ನೋ ಮಗಳನ್ನೋ ಪೈಲಟ್ ಮಾಡಲು ಗದ್ದೆ ಮಾರಿದ ಕುಟುಂಬ, ಪಹಣಿಯ ತಿದ್ದುಪಡಿಗೆ ಅಲೆದಂತೆ ಲಾಗ್‌ಬುಕ್ ತಿದ್ದುಪಡಿಗೂ ವರ್ಷಗಟ್ಟಲೆ ಅಲೆಯುವಂತಾಗಬಾರದು.