ಹಂಚು ಒಡೆದರೆ ಸಾಕೆ?

ಶಾಲಾ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಬಿಳಿ ಉಡುಪಿನ ಹುಡುಗನೊಬ್ಬ ಪೇರಿಸಿಟ್ಟ ಹಂಚುಗಳನ್ನು ಅಂಗೈಯಂಚಿನಿಂದ ಒಡೆದರೆ, ಕೊಳ್ಳೇಗಾಲವಾಗಲಿ ಯಳಂದೂರಾಗಲಿ, ಚಪ್ಪಾಳೆ ಗ್ಯಾರಂಟಿ. ಹಂಚಿನ ಎರಡೂ ತುದಿಗೆ ಇಟ್ಟಿಗೆಯ ಆಸರೆ ಕೊಟ್ಟು ನಡುವೆ ಟೊಳ್ಳು ಬಿಟ್ಟಿರುತ್ತಾರೆ. ಒಣಗಿದ ಹಂಚಿಗೆ ಸರಿಯಾಗಿ ನಡುವಿಗೇ ಏಟು ಬಿದ್ದರೆ ಅದು ಎರಡಾಗಲೇಬೇಕು. ಅದು ಪಕ್ಕಕ್ಕೆ ಸರಿಯುವುದಿಲ್ಲ, ಜುಟ್ಟು ಹಿಡಿದು ಎಳೆಯುವುದೂ ಇಲ್ಲ. ಎದುರಿಗಿರುವವನು ಒಪ್ಪದಿದ್ದಾಗಲೂ ಕಲಿತ ವಿದ್ಯೆ ನಡೆದೀತೆ? ಹಾಗೆ ನಡೆಯುವಷ್ಟು ಪಳಗುವುದರೊಳಗೆ ಮೈಗೆ ಎಷ್ಟು ಪೆಟ್ಟಾದೀತು? ಸಮರಕಲೆ ಎಂದು ನಮ್ಮ ಮಕ್ಕಳಿಗೆ ಕಲಿಸುತ್ತಿರುವುದನ್ನು ಅಳೆಯಲು ನನಗೆ ಈ ಎರಡು ಪ್ರಶ್ನೆಗಳೇ ಸಾಕು.

ಮೊದಲ ಪ್ರಶ್ನೆಗೆ ಗರಡಿ ಒಳ್ಳೆಯ ಉತ್ತರ ಕೊಡುತ್ತದೆ. ಮಣ್ಣಿನ ಅಖಾಡದಲ್ಲಿ ಹುಡುಗ ಕಾಲಿಗೆ ಕೈ ಹಾಕಿದ ಕೂಡಲೇ ಎದುರಾಳಿ ಸೊಂಟ ಹಿಂದಕ್ಕೆಳೆದು ಮೈಭಾರವನ್ನೆಲ್ಲ ಅವನ ಕತ್ತಿನ ಮೇಲೆ ಬಿಡುತ್ತಾನೆ. ಹಾಕಿದ ಪಟ್ಟು ಹತ್ತರಲ್ಲಿ ಒಂಬತ್ತು ಸಲ ಕೈಕೊಡುತ್ತದೆ. ಹೀಗೆ ಕೈಕೊಟ್ಟದ್ದೇ ಪಾಠ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೊ ಶುರುಮಾಡಿದಾಗ ಹಿಡಿದ ದಾರಿಯೂ ಇದೇ. ಹಳೆಯ ಜುಜುತ್ಸುವಿನ ಅಪಾಯಕಾರಿ ಪೆಟ್ಟುಗಳನ್ನು ಮುಕ್ತ ಅಭ್ಯಾಸದಿಂದ ತೆಗೆದ; ಉಳಿದದ್ದನ್ನು ಪೂರ್ತಿ ಬಲ ಹಾಕಿ ಪರಸ್ಪರ ಪ್ರಯೋಗಿಸಲು ಬಿಟ್ಟ. ಬೀಳುವುದು ಹೇಗೆಂದು ಮೊದಲು ಕಲಿಸಿದ. ಒಂದೇ ಏಟಿಗೆ ಪ್ರಾಣ ತೆಗೆಯುವ ವಿದ್ಯೆ ತಮ್ಮಲ್ಲಿದೆ ಎನ್ನುವವರು ಅದನ್ನು ಯಾರ ಮೇಲೂ ಪ್ರಯೋಗಿಸುವಂತಿಲ್ಲ. ಆದ್ದರಿಂದ ಅದು ಅವರಿಗೇ ಸರಿಯಾಗಿ ಬರುವುದಿಲ್ಲ.

ಹಾಗೆಂದು ಗರಡಿಯನ್ನು ಬರೀ ಹೊಗಳಿ ಮುಗಿಸುವಂತಿಲ್ಲ. ಹಳೆಯ ಪೈಲ್ವಾನರ ಮುರುಟಿದ ಕಿವಿಯನ್ನು ನೋಡಿ. ಉಜ್ಜಾಟದಲ್ಲಿ ಕಿವಿಯ ಮೃದ್ವಸ್ಥಿಗೂ ಚರ್ಮಕ್ಕೂ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಅದನ್ನು ವೈದ್ಯರಿಂದ ತೆಗೆಸದಿದ್ದರೆ ಅಲ್ಲೇ ಗಂಟುಗಟ್ಟುತ್ತದೆ. ಅದನ್ನೇ ಪದಕದಂತೆ ಮೆರೆಸುವುದು ಒಣ ಬಡಿವಾರ. ಮಂಡಿಯ ಅಸ್ಥಿರಜ್ಜು ಹರಿಯುವುದು, ಭುಜದ ಕೀಲು ಜಾರುವುದು, ಮೈಗೆ ಮೈ ತಾಗಿ ಗಜಕರ್ಣ ಹರಡುವುದು ಇದ್ದದ್ದೇ. ಜಾತ್ರೆಯ ಕುಸ್ತಿಯಲ್ಲಿ ತೂಕ ನೋಡದೆ ಕಣ್ಣಳತೆಯಲ್ಲೇ ಜೋಡಿ ಕಟ್ಟಿದರೆ ಇನ್ನೂ ಕಷ್ಟ. ಆದರೂ ಇವುಗಳಲ್ಲಿ ಹೆಚ್ಚಿನವು ವಾಸಿಯಾಗುವ ನೋವುಗಳು.

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗವನ್ನು ನಮ್ಮವರು ಅಭಿಮಾನದಿಂದಲೇ ನೋಡುತ್ತಾರೆ. ವಿಜಯದಶಮಿಯಂದು ಅರಮನೆಯಲ್ಲಿ ಸೆಣಸುವ ಜೆಟ್ಟಿಗಳು ಮೈಸೂರು, ಬೆಂಗಳೂರು, ಚನ್ನಪಟ್ಟಣಗಳ ಜೊತೆಗೆ ನಮ್ಮ ಚಾಮರಾಜನಗರದಿಂದಲೂ ಹೋಗುತ್ತಾರೆ. ಬೋಳಿಸಿದ ತಲೆ, ಬೆರಳಿಗೆ ಸಿಕ್ಕಿಸಿದ ಮೊನಚು ಆಯುಧ, ನೆತ್ತಿಯಿಂದ ರಕ್ತ ತೊಟ್ಟಿಕ್ಕಿದ ಕೂಡಲೇ ಮುಕ್ತಾಯ. ನೋಡಲು ಭೀಕರ. ಆದರೆ ನೆತ್ತಿಯ ಚರ್ಮ ಹರಿದರೆ ಹೊಲಿಗೆ ಹಾಕಬಹುದು. ಮೊದಲ ರಕ್ತಕ್ಕೇ ನಿಲ್ಲಿಸುವ ಕಟ್ಟಳೆ ಜೆಟ್ಟಿಯನ್ನು ಕಾಯುತ್ತದೆ. ರಕ್ತ ಬಾರದ ಏಟಿಗೆ ಇಂಥ ಕಾವಲಿಲ್ಲ.

ಗ್ಲೌಸ್ ತೊಟ್ಟ ಕೈ ತಲೆಗೆ ಹೊಡೆದಾಗ ಚರ್ಮ ಅಷ್ಟಾಗಿ ಹರಿಯುವುದಿಲ್ಲ, ಒಳಗೆ ಮಿದುಳು ಕುಲುಕುತ್ತದೆ. ಹೆಡ್‌ಗಾರ್ಡ್ ಹಾಕಿದರೂ ಕುಲುಕುವುದು ತಪ್ಪದು. ಹಿರಿಯ ಪುರುಷರ ಅಂತಾರಾಷ್ಟ್ರೀಯ ಬಾಕ್ಸಿಂಗ್‌ನಲ್ಲಿ 2013ರಿಂದ ಹೆಡ್‌ಗಾರ್ಡನ್ನೇ ಕೈಬಿಟ್ಟಿದ್ದಾರೆ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಯುವಕ ಒಂದು ಏಟಿಗೆ ಕುಸಿದುಬಿದ್ದು, ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯರಾಗಲಿ ಆಂಬುಲೆನ್ಸಾಗಲಿ ಇರಲಿಲ್ಲ ಎಂದು ಮನೆಯವರು ದೂರಿದರು, ಪೊಲೀಸರು ಪ್ರಕರಣ ದಾಖಲಿಸಿಕೊಂಡರು. ಆಸ್ಪತ್ರೆಗಳು ಕೂಗಳತೆಯಲ್ಲಿರುವ ಬೆಂಗಳೂರಿನ ಕಥೆ ಇದು. ನಮ್ಮ ಚಾಮರಾಜನಗರ ಜಿಲ್ಲೆಯ ಹನೂರಿನಲ್ಲಿ ಹೀಗಾದರೆ? ತಲೆಬುರುಡೆಯೊಳಗೆ ರಕ್ತಸ್ರಾವವಾದಾಗ ಒಂದೊಂದು ಗಂಟೆಯೂ ಮುಖ್ಯ. ಹನೂರಿನಿಂದ ಕೊಳ್ಳೇಗಾಲ ದಾಟಿ ಮೈಸೂರು ಮುಟ್ಟಲು ಎಂಬತ್ತು ಕಿಲೋಮೀಟರಿಗೂ ಮೇಲೆ.

ಇನ್ನು ಹೆಣ್ಣುಮಕ್ಕಳ ಆತ್ಮರಕ್ಷಣೆ. ಸರ್ಕಾರಿ ಶಾಲೆ, ಹಾಸ್ಟೆಲುಗಳಲ್ಲಿ ಈ ತರಬೇತಿ ಕೊಡುತ್ತಿರುವುದು ಒಳ್ಳೆಯ ಕೆಲಸ. ಆದರೆ ಕೆಲವೇ ತಿಂಗಳ ಪಂಚ್, ಕಿಕ್‌ಗಳಿಂದ ಹದಿಮೂರರ ಹುಡುಗಿ ಬಲಿತ ಗಂಡಸನ್ನು ಹೊಡೆದುರುಳಿಸುತ್ತಾಳೆಂಬ ಭರವಸೆ ಹುಸಿ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರಿಗೆ 12 ಗಂಟೆಯ ತರಬೇತಿ ಕೊಟ್ಟು ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೊಳಗಾದವರು ತರಬೇತಿ ಪಡೆದವರಲ್ಲಿ ಶೇ. 5.2, ಪಡೆಯದವರಲ್ಲಿ ಶೇ. 9.8. ಅಲ್ಲಿ ಕಲಿಸಿದ್ದರಲ್ಲಿ ಏಟು ಒಂದು ಪಾಲು ಮಾತ್ರ. ಪರಿಚಯಸ್ಥನಿಂದಲೇ ಬರುವ ಅಪಾಯವನ್ನು ಬೇಗ ಗುರುತಿಸುವುದು, ಮುಲಾಜಿಲ್ಲದೆ ಬೇಡ ಎನ್ನುವುದು, ಕೂಗುವುದು, ಬಿಡಿಸಿಕೊಂಡು ಓಡುವುದು ಉಳಿದದ್ದು. ನಮ್ಮ ತರಬೇತಿಯಲ್ಲಿ ಮಾವ, ಮೇಷ್ಟ್ರು, ನೆರೆಯವನು ಎಂಬ ಮಾತು ಬರದಿದ್ದರೆ ಅದು ಅರ್ಧ ಪಾಠ.

ಕಾದಾಟದ ವಿದ್ಯೆಯಲ್ಲದಿದ್ದರೂ ಬೀಸು ಕಂಸಾಳೆಯನ್ನು ಇಲ್ಲಿ ನೆನೆಯದೆ ಇರಲಾರೆ. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ತಾಳ. ಮಾದಪ್ಪನ ಗುಡ್ಡರು, ಅಂದರೆ ಮಲೆ ಮಹದೇಶ್ವರನ ಭಕ್ತರು, ಅದನ್ನು ಬೀಸುತ್ತ, ಬಗ್ಗಿ, ಕುಪ್ಪಳಿಸಿ, ಪಕ್ಕದವನ ತಾಳಕ್ಕೂ ತಾಗಿಸುತ್ತಾರೆ. ಅಂತರ ಒಂದು ಗೇಣು ತಪ್ಪಿದರೆ ಕಂಚು ಹಣೆಗೆ ಬಡಿಯುತ್ತದೆ. ಅಳತೆ, ಲಯ, ಪಕ್ಕದವನ ಮೇಲೆ ಕಣ್ಣು, ಇವು ಯಾವ ಕರಾಟೆ ಬೆಲ್ಟಿಗೂ ಕಡಿಮೆಯಲ್ಲದ ಪಾಠ.

ನನ್ನ ತೀರ್ಮಾನ ಇಷ್ಟೆ. ಈ ಸೀಮೆಯ ಮಕ್ಕಳಿಗೆ ಕುಸ್ತಿ ಇಲ್ಲವೇ ಜೂಡೊ ಮೊದಲು. ಒಳ್ಳೆಯ ಗುರುವಿದ್ದರೆ ಕರಾಟೆಯೂ ಸರಿ, ಬೆಲ್ಟಿನ ಬಣ್ಣಕ್ಕೆ ದುಡ್ಡು ಸುರಿಯುವುದು ಬೇಡ. ತಲೆಗೆ ಹೊಡೆಯುವ ಪಂದ್ಯ ಹದಿನೆಂಟರೊಳಗಿನವರಿಗೆ ಬೇಡವೇ ಬೇಡ. ದೊಡ್ಡವರಿಗೆ ಅಂಥ ಪಂದ್ಯ ಏರ್ಪಡಿಸುವವರು ರಿಂಗಿನ ಪಕ್ಕದಲ್ಲಿ ವೈದ್ಯರನ್ನೂ ಗೇಟಿನಲ್ಲಿ ಆಂಬುಲೆನ್ಸನ್ನೂ ನಿಲ್ಲಿಸಿದ ಮೇಲೆಯೇ ಬೆಲ್ ಹೊಡೆಯಲಿ. ಅವು ಕಾಣದಿದ್ದರೆ ತಂದೆತಾಯಿಗಳು ಮಗನನ್ನು ಕರೆದುಕೊಂಡು ಮನೆಗೆ ಹೊರಡಲಿ.